ಖಾಯಂ ಕೆಲಸವೋ, ಗುತ್ತಿಗೆಯೋ?

ನಮ್ಮ ತರಗತಿಯಲ್ಲಿ ಒಂದು ದಿನ ಅರ್ಥಶಾಸ್ತ್ರದ ಪಾಠ ನಡೆದಿತ್ತು. ದುಡಿಯುವವನಿಗೆ ಭದ್ರತೆ ಎಂಬುದು ಎಷ್ಟು ಬೆಲೆಯುಳ್ಳದ್ದು ಎಂದು ವಿವರಿಸುತ್ತಿದ್ದ ಗುರುಗಳು ನಡುವೆ ನಿಲ್ಲಿಸಿ, "ಖಾಯಂ ಕೆಲಸ ಕೈಯಲ್ಲಿರುವಾಗ ಅದನ್ನು ಬಿಟ್ಟು ಗುತ್ತಿಗೆ ಕೆಲಸಕ್ಕೆ ಹೋಗುವವನನ್ನು ಏನೆಂದು ಕರೆಯುತ್ತೀರಿ?" ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಒಬ್ಬ ಮಿತ್ರ "ಹುಚ್ಚ, ಸಾರ್" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಗಬೇಕೆಂದುಕೊಂಡೆ; ಆಗಲಿಲ್ಲ. ಅಂತಹವನೊಬ್ಬ ನಮ್ಮ ಮನೆಯಲ್ಲಿಯೇ ಇದ್ದಾನೆ. ಅವನು ನನ್ನ ಅಣ್ಣ.

ಅಣ್ಣ ಹುಚ್ಚನಲ್ಲ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಹಾಗಿದ್ದರೂ ಅವನು ಆ ದಾರಿ ಹಿಡಿದನೇಕೆ ಎಂಬುದನ್ನು ಆ ದಿನದಿಂದ ಯೋಚಿಸುತ್ತಾ ಬಂದಿದ್ದೇನೆ. ನನ್ನ ಅಲ್ಪಮತಿಗೆ ತೋಚಿದ್ದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ಎಲ್ಲ ಬಗೆಯ ಗುತ್ತಿಗೆಯ ವಿಚಾರವೂ ನನಗೆ ತಿಳಿಯದು. ಹುಟ್ಟಿದಂದಿನಿಂದ ಕಂಡ ಕಾಫಿ ತೋಟದ ಮಾತನ್ನೇ ಇಲ್ಲಿ ಹೇಳುತ್ತೇನೆ.

ಮೂಡಿಗೆರೆಯ ಕಡೆಯ ಒಂದು ದೊಡ್ಡ ತೋಟದ ಲೈನ್ ಮನೆಯಲ್ಲಿ ನಾನು ಹುಟ್ಟಿದೆ. ತಾತ ಬಯಲುಸೀಮೆಯಿಂದ ಮೇಸ್ತ್ರಿಯೊಬ್ಬನ ಹಿಂದೆ ಬಂದವನು. ಅಪ್ಪ ಅಲ್ಲಿಯೇ ಖಾಯಂ ಆಳಾಗಿ ದುಡಿದು ತೀರಿಕೊಂಡ. ಅವ್ವ ಈಗಲೂ ಖಾಯಂ ಆಳು. ಅಣ್ಣನ ಹೆಸರು ಹಾಜರಿ ಪುಸ್ತಕದಲ್ಲಿ ನಾಲ್ಕು ವರ್ಷ ಇದ್ದಿತು. ಅನಂತರ ಒಂದು ಬಟವಾಡೆಯ ದಿನ ರೈಟರ ಬಳಿ ಹೋಗಿ ಹೆಸರು ತೆಗೆಸಿ ಬಂದ.

ಖಾಯಂ ಎಂದರೆ ಏನೆಂಬುದನ್ನು ಮೊದಲು ನೋಡೋಣ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಚಹ, ಕಾಫಿ, ರಬ್ಬರ್ ಮುಂತಾದ ತೋಟಗಳ ಮಾಲೀಕರ ಮೇಲೆ ಕೆಲವು ಹೊಣೆಗಳನ್ನು ಹೊರಿಸಿತು. ವಾಸಕ್ಕೆ ಮನೆ, ಕುಡಿಯಲು ನೀರು, ವೈದ್ಯೋಪಚಾರ, ಹೆಂಗಸರು ಹೆಚ್ಚಾಗಿರುವಲ್ಲಿ ಶಿಶುವಿಹಾರ, 20 ದಿನ ದುಡಿದರೆ ಒಂದು ದಿನದ ಸಂಬಳದ ರಜೆ, ಇವೆಲ್ಲ ಅದರಲ್ಲಿದ್ದವು. 1981ರ ತಿದ್ದುಪಡಿಯ ಬಳಿಕ 5 ಹೆಕ್ಟೇರ್ ಮತ್ತು 15 ಆಳುಗಳಿರುವ ತೋಟಗಳಿಗೂ ಅದು ಅನ್ವಯಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ ಕಾಯಿದೆ ಲೀನವಾಗಿದೆಯಾದರೂ ತೋಟದ ಆಳಿಗೆ ಮನೆ, ನೀರು, ಔಷಧೋಪಚಾರಗಳನ್ನು ಒದಗಿಸುವ ಹೊಣೆ ಉಳಿದುಕೊಂಡಿದೆ. ಇವುಗಳ ಜೊತೆಗೆ ಭವಿಷ್ಯನಿಧಿ ಉಂಟು. ಆಳಿನ ಸಂಬಳದಿಂದ ನೂರಕ್ಕೆ 12, ಮಾಲೀಕರಿಂದ ನೂರಕ್ಕೆ 12. ವರ್ಷಕ್ಕೊಮ್ಮೆ ಕನಿಷ್ಠ ನೂರಕ್ಕೆ 8.33ರಂತೆ ಬೋನಸ್ ಉಂಟು. ಐದು ವರ್ಷ ತುಂಬಿದ ಆಳು ಬಿಡುವಾಗ ವರ್ಷವೊಂದಕ್ಕೆ 15 ದಿನದ ಕೂಲಿಯಂತೆ ಗ್ರಾಚ್ಯುಯಿಟಿ ಉಂಟು.

ಗುತ್ತಿಗೆಯಲ್ಲಿ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಇರುವುದು ತಕ್ಕಡಿಯೊಂದೇ. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ. ಅದರ ಹಿಂದೆಯೇ ರೋಬಸ್ಟಾ ಬಂದು ಮಾರ್ಚಿಯವರೆಗೂ ಕೊಯ್ಲು ಸಾಗುತ್ತದೆ. ಹಣ್ಣು ಗಿಡದಲ್ಲಿ ಕಾಯುವುದಿಲ್ಲ; ಹೆಚ್ಚು ಮಾಗಿದರೆ ಉದುರುತ್ತದೆ. ಆಗ ಎಲ್ಲ ತೋಟಗಳಿಗೂ ಏಕಕಾಲದಲ್ಲಿ ಕೈಗಳು ಬೇಕು. ಗುತ್ತಿಗೆಯ ಮೇಸ್ತ್ರಿ ಜೀಪಿನಲ್ಲಿ ಆಳು ತುಂಬಿಕೊಂಡು ಬರುತ್ತಾನೆ. ಸಂಜೆ ಚೀಲ ತೂಗಿ, ಕಿಲೋ ಒಂದಕ್ಕೆ ಇಷ್ಟೆಂದು ಹಣ ಎಣಿಸುತ್ತಾರೆ. ಕೊಯ್ಲು ಮುಗಿದ ಮೇಲೆ ಗಿಡಗಸಿ, ಮರಗಸಿ, ಗುಂಡಿ ತೋಡುವುದು, ಗೊಬ್ಬರ ಹಾಕುವುದು, ಕಳೆ ಹೊಡೆಯುವುದು ಎಂದು ಬೇರೆ ಬೇರೆ ಗುತ್ತಿಗೆಗಳು ಬರುತ್ತವೆ.

ಈಗ ಅಣ್ಣ ಒಂದು ರಾತ್ರಿ ನನ್ನ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಾಡಿ ತೋರಿಸಿದ ಲೆಕ್ಕವನ್ನು ಕೊಡುತ್ತೇನೆ. ದರಗಳು ತೋಟದಿಂದ ತೋಟಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇವನ್ನು ಉದಾಹರಣೆಯೆಂದು ಮಾತ್ರ ತಿಳಿಯಬೇಕು.

ಖಾಯಂ ಆಳಿನ ದಿನಗೂಲಿ 450 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ 280 ದಿನ ದುಡಿದು 14 ದಿನದ ಸಂಬಳದ ರಜೆ ಪಡೆದರೆ 294 ದಿನಕ್ಕೆ 1,32,300 ರೂಪಾಯಿ. ಇದರಲ್ಲಿ ಭವಿಷ್ಯನಿಧಿಗೆ 15,876 ಹೋಗುತ್ತದೆ. ಬೋನಸ್ ಸುಮಾರು 11,000 ಬರುತ್ತದೆ. ಕೈಗೆ ಸಿಗುವುದು ಸುಮಾರು 1,27,400.

ಗುತ್ತಿಗೆಯಾಳು ಕಿಲೋವಿಗೆ 5 ರೂಪಾಯಿಯಂತೆ ದಿನಕ್ಕೆ 140 ಕಿಲೋ ಕೊಯ್ದರೆ 700 ರೂಪಾಯಿ. ಅಂತಹ 70 ದಿನಕ್ಕೆ 49,000. ಉಳಿದ ಕಾಲದಲ್ಲಿ 180 ದಿನ ಕೆಲಸ ಸಿಕ್ಕಿ ದಿನಕ್ಕೆ 550 ದೊರೆತರೆ 99,000. ಒಟ್ಟು 1,48,000. "ನೋಡ್ಲಾ ತಮ್ಮ, ಇಪ್ಪತ್ತು ಸಾವಿರ ಜಾಸ್ತಿ. ಇದು ಹುಚ್ಚಾ?" ಎಂದ ಅಣ್ಣ.

ನಾನು ಅದರ ಕೆಳಗೆ ಇನ್ನೊಂದು ಲೆಕ್ಕ ಬರೆದೆ. ಖಾಯಂ ಆಳಿನ ಭವಿಷ್ಯನಿಧಿಗೆ ಹೋದ 15,876 ಅವನದೇ ಹಣ. ಮಾಲೀಕರು ಸೇರಿಸುವ 15,876 ಅದರ ಜೊತೆಗೆ ಬರುತ್ತದೆ. ಗ್ರಾಚ್ಯುಯಿಟಿಯ ಪಾಲು 6,750. ಎಲ್ಲ ಕೂಡಿದರೆ ಸುಮಾರು 1,66,000 ಆಗುತ್ತದೆ. ಮನೆ, ನೀರು, ಸೌದೆ ಬೇರೆ. ಗೊತ್ತುಪಡಿಸಿದ ತೂಕಕ್ಕಿಂತ ಹೆಚ್ಚು ಕೊಯ್ದ ಖಾಯಂ ಆಳಿಗೆ ಸಿಗುವ ಮೇಲ್ಹಣವನ್ನು ನಾವಿಬ್ಬರೂ ಹಿಡಿದಿರಲಿಲ್ಲ. ಆದುದರಿಂದ ಒಟ್ಟು ಲೆಕ್ಕದಲ್ಲಿ ಖಾಯಂ ಕೆಲಸವೇ ಮೇಲು.

ಅಣ್ಣ ನನ್ನ ಲೆಕ್ಕವನ್ನು ತಪ್ಪೆನ್ನಲಿಲ್ಲ. "ಸರಿ, ಆದ್ರೆ ನಿಂದು ಕಾಣದ ದುಡ್ಡು, ನಂದು ಕಾಣೋ ದುಡ್ಡು" ಎಂದ. ಈ ಮಾತಿನಲ್ಲಿ ಮೊದಲನೆಯ ಕಾರಣ ಅಡಗಿದೆ. ಮಗುವಿನ ಶಾಲೆಯ ಫೀಸು ಜೂನಿನಲ್ಲಿ ಕಟ್ಟಬೇಕು. ಸಂಘದ ಸಾಲದ ಕಂತು ಪ್ರತಿ ವಾರ ಬರುತ್ತದೆ. ಮೂವತ್ತು ವರ್ಷದ ಮೇಲೆ ಬರುವ ಹಣದಿಂದ ಈ ವಾರದ ಕಂತು ತೀರುವುದಿಲ್ಲ. ಬಡವನಿಗೆ ನಾಳೆಯ ರೂಪಾಯಿಗಿಂತ ಇಂದಿನ ಎಂಟಾಣೆಯೇ ಹೆಚ್ಚು ತೂಗುತ್ತದೆ. ಇದು ಅವನ ಅವಿವೇಕವಲ್ಲ, ಅವನ ಸ್ಥಿತಿ.

ಇದಕ್ಕೆ ಅಪನಂಬಿಕೆಯೂ ಸೇರುತ್ತದೆ. ಕಾಗದದಲ್ಲಿ ಒಂದಕ್ಷರ ತಪ್ಪಿದರೆ ಭವಿಷ್ಯನಿಧಿಗಾಗಿ ಎಷ್ಟು ಸಲ ಬಸ್ಸು ಹತ್ತಬೇಕಾಗುತ್ತದೆಂಬುದನ್ನು ಅಪ್ಪ ತೀರಿಕೊಂಡ ಮೇಲೆ ನಾವು ಕಂಡೆವು. ಆಧಾರಿನಲ್ಲಿ ಒಂದು ಹೆಸರು, ತೋಟದ ಪುಸ್ತಕದಲ್ಲಿ ಇನ್ನೊಂದು ಹೆಸರು. ಇಬ್ಬರೂ ಒಬ್ಬನೇ ಎಂದು ತೋರಿಸುವುದಕ್ಕೆ ಅವ್ವನಿಗೆ ಹನ್ನೊಂದು ತಿಂಗಳು ಹಿಡಿಯಿತು. ಈ ಭಾವನೆ ತೋಟದವರದಷ್ಟೇ ಅಲ್ಲ. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದಾಗ, ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಏಪ್ರಿಲ್ 18 ಮತ್ತು 19ರಂದು ಬೀದಿಗಿಳಿದರು. ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ದುಡಿಯುವವರು ಉಳಿತಾಯವನ್ನು ಬೇಡವೆನ್ನಲಿಲ್ಲ. ಬೇಕಾದಾಗ ಕೈಗೆ ಸಿಗದ ಉಳಿತಾಯವನ್ನು ಬೇಡವೆಂದರು.

ಎರಡನೆಯ ಕಾರಣ ಕಸುವಿಗೆ ಸಂಬಂಧಿಸಿದ್ದು. ಹಾಜರಿ ಪುಸ್ತಕಕ್ಕೆ ಚುರುಕು ಕೈಯೂ ಒಂದೇ, ನಿಧಾನದ ಕೈಯೂ ಒಂದೇ. ತಕ್ಕಡಿಗೆ ಹಾಗಲ್ಲ. ಇಪ್ಪತ್ತೈದರ ಹರೆಯದವನಿಗೆ ತನ್ನ ಮೈಯ ಬಲಕ್ಕೆ ತಕ್ಕ ಬೆಲೆ ಅಂದಂದೇ ಸಿಗಬೇಕೆನಿಸುವುದು ಸಹಜ. ಐವತ್ತರಲ್ಲಿ ಅದೇ ತಕ್ಕಡಿ ತನಗೆ ಏನು ಹೇಳೀತು ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಮೂರನೆಯ ಕಾರಣ ಮನೆ. ಓದುಗರಿಗೆ ಇದು ವಿಚಿತ್ರವಾಗಿ ತೋರಬಹುದು. ಬಾಡಿಗೆಯಿಲ್ಲದ ಮನೆ ಸಿಗುವುದೇ ಖಾಯಂ ಕೆಲಸದ ದೊಡ್ಡ ಲಾಭವಲ್ಲವೇ? ಹೌದು. ಆದರೆ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಮುಗಿದ ದಿನ ಮನೆಯೂ ಮುಗಿಯಿತು. ಆದುದರಿಂದ ಖಾಯಂ ಆಳು ಕೂಲಿಗಾಗಿ ಮಾತ್ರವಲ್ಲ, ಸೂರಿಗಾಗಿಯೂ ತೋಟದವರ ಮುಖ ನೋಡಬೇಕು. ಒಂದು ದಿನ ತಪ್ಪಿಸಿಕೊಂಡರೆ, ಮಗನನ್ನು ಬೇರೆ ಊರಿಗೆ ಕಳುಹಿಸಿದರೆ, "ಮನೆ ಬೇಕೋ ಬೇಡವೋ?" ಎಂಬ ಪ್ರಶ್ನೆ ಬರುತ್ತದೆ. ಅಣ್ಣ ಹೆಸರು ತೆಗೆಸಿದಾಗ ಅವ್ವ ಅತ್ತದ್ದು ಕೂಲಿಗಾಗಿ ಅಲ್ಲ, ಈ ಪ್ರಶ್ನೆಗಾಗಿ.

ಇದರ ಹಿಂದೆ ಹಳೆಯ ಚರಿತ್ರೆಯೊಂದಿದೆ. 19ನೆಯ ಶತಮಾನದಲ್ಲಿ ಕಾಡು ಕಡಿದು ಕಾಫಿ ಹಾಕಿದಾಗ ಮೇಸ್ತ್ರಿಗಳು ಬಯಲುಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ತಮಿಳುನಾಡಿನಿಂದಲೂ ಮುಂಗಡ ಕೊಟ್ಟು ಆಳು ತಂದರು. 1859ರ 13ನೆಯ ಕಾಯಿದೆಯಂತೆ, ಮುಂಗಡ ಪಡೆದವನು ಕೆಲಸ ಬಿಟ್ಟು ಓಡಿದರೆ ಅದು ಸಾಲದ ವ್ಯಾಜ್ಯವಲ್ಲ, ಅಪರಾಧ. ಮ್ಯಾಜಿಸ್ಟ್ರೇಟರು ಹೇಳಿದಂತೆ ಕೆಲಸವನ್ನಾಗಲಿ ಹಣವನ್ನಾಗಲಿ ಒಪ್ಪಿಸದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ. ಅದನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1925ರಲ್ಲಿ. ಕಾಯಿದೆ ಹೋದರೂ ಅದರ ನೆನಪು ಲೈನುಗಳಲ್ಲಿ ಬೇಗ ಅಳಿಯಲಿಲ್ಲ. ತಾತನ ಬಾಯಲ್ಲಿ 'ತೋಟಕ್ಕೆ ಸೇರಿದವನು' ಎಂದರೆ 'ತೋಟಕ್ಕೆ ಸೇರಿದ ವಸ್ತು' ಎಂಬ ಅರ್ಥವೂ ಇತ್ತು. ಪೇಟೆಯವರಿಗೆ ಖಾಯಂ ಎಂದರೆ ನೆಲೆ. ನಮ್ಮ ಲೈನಿನ ಹುಡುಗರಿಗೆ ಅದರಲ್ಲಿ ಹಗ್ಗದ ವಾಸನೆಯೂ ಬರುತ್ತದೆ.

ನಾಲ್ಕನೆಯದು ಮರ್ಯಾದೆ. ಖಾಯಂ ಆಳಾಗಿದ್ದ ಅಪ್ಪನನ್ನು, ಅವನ ಮಗನ ಪ್ರಾಯದ ರೈಟರೂ "ಏ, ಬಾರೋ ಇಲ್ಲಿ" ಎನ್ನುತ್ತಿದ್ದುದನ್ನು ನಾವು ಕೇಳಿ ಬೆಳೆದೆವು. ಇಂದು ಅಣ್ಣನಿಗೆ ಒಂದು ತೋಟದ ಮಾತು ಹಿಡಿಸದಿದ್ದರೆ ಸೋಮವಾರ ಬೇರೆ ತೋಟಕ್ಕೆ ಹೋಗುತ್ತಾನೆ. ಕೊಯ್ಲಿನ ಕಾಲದಲ್ಲಿ ಅವನಿಗೆ ಫೋನು ಮಾಡಿ ಕರೆಯುವವರುಂಟು; ಆಗ ಅವನು 'ಏ' ಅಲ್ಲ, ಹೆಸರುಳ್ಳವನು. ಒಲ್ಲೆನೆನ್ನುವ ಹಕ್ಕಿಗೆ ಅವನು ಇಪ್ಪತ್ತು ಸಾವಿರಕ್ಕಿಂತ ಹೆಚ್ಚಿನ ಬೆಲೆ ಕಟ್ಟಿದ್ದಾನೆಂದು ನನಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗುತ್ತಿಗೆಯಲ್ಲಿರುವವರೆಲ್ಲರೂ ಅದನ್ನು ಆರಿಸಿಕೊಂಡವರಲ್ಲ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಂತಹ ಬೆಳೆಗಾರನಿಗೆ ವರ್ಷವಿಡೀ ಆಳನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ದೊಡ್ಡ ತೋಟಗಳೂ ಹೊಸ ಖಾಯಂ ಹೆಸರುಗಳನ್ನು ಬರೆದುಕೊಳ್ಳಲು ಹಿಂಜರಿಯುತ್ತವೆ. ಕಾಫಿಯ ಬೆಲೆ ಒಂದು ವರ್ಷ ಏರಿ ಇನ್ನೊಂದು ವರ್ಷ ಇಳಿಯುವ ವ್ಯಾಪಾರದಲ್ಲಿ, ಇಳಿದಾಗ ಕೈಬಿಡಬಹುದಾದ ಆಳು ಮಾಲೀಕರಿಗೆ ಅನುಕೂಲ. ಅಸ್ಸಾಮಿನಿಂದ, ಬಂಗಾಳದಿಂದ ರೈಲು ಹತ್ತಿ ನಮ್ಮ ತೋಟಗಳಿಗೆ ಬರುವ ಸಂಸಾರಗಳಿಗೆ 'ಖಾಯಮ್ಮೋ, ಗುತ್ತಿಗೆಯೋ' ಎಂದು ಯಾರೂ ಕೇಳುವುದಿಲ್ಲ. ಅಷ್ಟು ದೂರವೇಕೆ? ಸರ್ಕಾರಿ ಕಾಲೇಜುಗಳಲ್ಲಿ ವರ್ಷ ವರ್ಷವೂ ಹೊಸದಾಗಿ ನೇಮಕಗೊಂಡು ನಮಗೆ ಪಾಠ ಹೇಳುವ ಅತಿಥಿ ಉಪನ್ಯಾಸಕರೂ ಆ ಸ್ಥಿತಿಯನ್ನು ಆಸೆಪಟ್ಟು ಆರಿಸಿಕೊಂಡವರಲ್ಲ. ಬೇರೆ ಬಾಗಿಲು ಮುಚ್ಚಿರುವಾಗ ತೆರೆದ ಬಾಗಿಲಿನಿಂದ ಹೋಗುವುದನ್ನು ಆಯ್ಕೆ ಎನ್ನಲಾಗದು. ಅಣ್ಣನಂತೆ ಎರಡೂ ಬಾಗಿಲು ತೆರೆದಿದ್ದಾಗ ಹೋದವರ ಮಾತಷ್ಟೇ ಈ ಲೇಖನದ ವಿಷಯ.

ಆ ಅಣ್ಣನ ಆಯ್ಕೆಯಾದರೂ ಎಷ್ಟು ಸ್ವತಂತ್ರವಾದುದು? ಇದಕ್ಕೆ ಉತ್ತರ ನನಗೆ ಎರಡು ವರ್ಷಗಳ ಹಿಂದೆ ದೊರೆಯಿತು. ಮರಗಸಿಯ ಗುತ್ತಿಗೆಯಲ್ಲಿ ಸಿಲ್ವರ್ ಮರ ಹತ್ತಿದ್ದವನು ಕೊಂಬೆ ಮುರಿದು ಬಿದ್ದ. ಕಾಲಿನ ಮೂಳೆ ಮುರಿಯಿತು. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1923ರಿಂದಲೇ ಇದೆ. ಆದರೆ ತೋಟದವರು "ಅವನು ನಮ್ಮ ಆಳಲ್ಲ, ಮೇಸ್ತ್ರಿಯ ಆಳು" ಎಂದರು. ಮೇಸ್ತ್ರಿ ಆಸ್ಪತ್ರೆಯ ಮೊದಲ ದಿನದ ಖರ್ಚು ಕೊಟ್ಟು, "ಉಳಿದದ್ದನ್ನ ಮುಂದಿನ ಕೊಯ್ಲಲ್ಲಿ ಮುರ್ಕೊಂಡ್ರಾಯ್ತು" ಎಂದ. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವನು ಯಾರ ಮೇಲೆ ದಾವೆ ಹೂಡಬೇಕು? ನಾಲ್ಕು ತಿಂಗಳು ಅಣ್ಣ ಲೈನ್ ಮನೆಯ ಜಗಲಿಯಲ್ಲಿ ಕುಳಿತಿದ್ದ. ಆ ನಾಲ್ಕು ತಿಂಗಳೂ ಒಲೆ ಉರಿದದ್ದು ಅವ್ವನ ಬಟವಾಡೆಯಿಂದ. ನಾವು ಮಲಗಿದ್ದು ಅವ್ವನ ಹೆಸರಿನ ಮನೆಯಲ್ಲಿ. ಗುಣವಾದ ಮೇಲೆ ಅವನು ಮೊದಲ ಕೊಯ್ಲನ್ನು ಮೇಸ್ತ್ರಿಯ ಸಾಲಕ್ಕೇ ದುಡಿದ. ತಾತನ ಕಾಲದ ಮುಂಗಡ ಬೇರೊಂದು ಅಂಗಿ ತೊಟ್ಟು ಮರಳಿ ಬಂದಿತ್ತು.

ಅಂದು ನನಗೆ ಹೊಳೆದ ವಿಷಯವೇ ಈ ಲೇಖನದ ಮುಖ್ಯ ಮಾತು. ಅಣ್ಣನ ಗುತ್ತಿಗೆ ನಿಂತಿರುವುದು ಅವ್ವನ ಖಾಯಂ ಕೆಲಸದ ಮೇಲೆ. ಅವ್ವ ಹಾಜರಿ ಪುಸ್ತಕದಲ್ಲಿರುವುದರಿಂದ ಅವನು ಹೊರಗೆ ಇರಬಲ್ಲ. ಅವನ ಇಪ್ಪತ್ತು ಸಾವಿರದ ಲಾಭದಲ್ಲಿ ಮನೆಬಾಡಿಗೆ ಎಂಬ ಕಲಮೇ ಇಲ್ಲ. ಕೊಡುವಂತಾಗಿದ್ದರೆ ಆ ಲಾಭ ಎಂದೋ ಕರಗಿರುತ್ತಿತ್ತು. ನಮ್ಮ ಲೈನಿನ ಪ್ರತಿ ಮನೆಯಲ್ಲಿಯೂ ಇದೇ ಏರ್ಪಾಡು: ಒಬ್ಬರು ಪುಸ್ತಕದಲ್ಲಿ, ಉಳಿದವರು ತಕ್ಕಡಿಯಲ್ಲಿ. ಅರ್ಥಶಾಸ್ತ್ರದ ಗ್ರಂಥಗಳು ಒಬ್ಬ ದುಡಿಮೆಗಾರನ ಆಯ್ಕೆಯನ್ನು ಹೇಳುತ್ತವೆ. ಆಯ್ಕೆ ಮಾಡುವುದು ಒಬ್ಬನಲ್ಲ, ಸಂಸಾರ. ಪುಸ್ತಕದಲ್ಲಿ ಉಳಿಯುವವರು ಹೆಚ್ಚಾಗಿ ಹೆಂಗಸರು.

ಹಾಗಾದರೆ ಮಾಡಬೇಕಾದುದೇನು? ಹುಡುಗರಿಗೆ ಬುದ್ಧಿವಾದ ಹೇಳಿ ಖಾಯಂ ಕೆಲಸಕ್ಕೆ ಅಟ್ಟುವುದರಿಂದ ಪ್ರಯೋಜನವಿಲ್ಲ. ಭದ್ರತೆಯನ್ನು ಕೆಲಸದ ಗೂಟದಿಂದ ಬಿಚ್ಚಿ ಮನುಷ್ಯನ ಜೊತೆಗೇ ನಡೆಯುವಂತೆ ಮಾಡುವುದು ಸರಿಯಾದ ಉಪಾಯವೆಂದು ನನ್ನ ಅಭಿಪ್ರಾಯ. ಇದಕ್ಕೆ ಕೆಲವು ಆರಂಭಗಳಾಗಿವೆ. 2014ರಿಂದ ಭವಿಷ್ಯನಿಧಿಯ ಸದಸ್ಯರಿಗೆ ಕೆಲಸ ಬದಲಾದರೂ ಬದಲಾಗದ ಒಂದೇ ಸಂಖ್ಯೆ ಸಿಗುತ್ತಿದೆ. 2021ರಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಆರಂಭವಾಯಿತು. ಹೊಸ ಸಂಹಿತೆಯಂತೆ, ನಿಶ್ಚಿತ ಅವಧಿಗೆ ಬರಹದ ಕರಾರಿನ ಮೇಲೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿಯ ಹಕ್ಕು ದೊರೆಯುತ್ತದೆ. ಆದರೆ ಮೇಸ್ತ್ರಿಯ ಜೀಪಿನಲ್ಲಿ ಬರುವವನ ಬಳಿ ಕರಾರಿನ ಬರಹವೇ ಇರುವುದಿಲ್ಲ. ಆದುದರಿಂದ ಮೊದಲು ಬೇಕಾದದ್ದು ಹೆಸರು: ತೂಕದ ಚೀಟಿಯ ಮೇಲಾದರೂ ಆಳಿನ ಹೆಸರು, ತೋಟದ ಹೆಸರು, ದಿನ, ಹಣ ಇವು ಬರೆದಿರಬೇಕು. ಎರಡನೆಯದು, ಯಾವ ತೋಟಕ್ಕೂ ಸೇರದ, ದುಡಿಯುವವನ ಹೆಸರಿನಲ್ಲಿಯೇ ಇರುವ ಒಂದು ನಿವೇಶನ. ಸ್ವಂತ ಸೂರಿದ್ದವನು ಖಾಯಂ ಆಗಿದ್ದರೂ ಬಾಗಬೇಕಿಲ್ಲ, ಗುತ್ತಿಗೆಯಲ್ಲಿದ್ದರೂ ಬೀಳಬೇಕಿಲ್ಲ.

ಇರಲಿ. ಇದು ನಮ್ಮ ಮನೆಯಲ್ಲಿ ಈಗ ಬರಿಯ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಬರುವ ವರ್ಷ ಅವ್ವನಿಗೆ ನಿವೃತ್ತಿ. ಅವಳ ಬದಲು ಮನೆಯವರೊಬ್ಬರು ಪುಸ್ತಕಕ್ಕೆ ಸೇರದಿದ್ದರೆ ಲೈನ್ ಮನೆ ಬಿಡಬೇಕು. ಕಳೆದ ದೀಪಾವಳಿಯ ರಜೆಯಲ್ಲಿ ಅಣ್ಣ, "ತಮ್ಮ, ಮ್ಯಾನೇಜರ್‌ಗೆ ಒಂದು ಅರ್ಜಿ ಬರ್ಕೊಡು" ಎಂದ. ಅವನೇ ಮರಳಿ ಸೇರುವನೆಂದುಕೊಂಡು ನಾನು ಸಂತೋಷದಿಂದ ಕಾಗದ ತೆಗೆದೆ. "ನನ್ನ ಹೆಸರಲ್ಲ, ನಿನ್ನ ಅತ್ತಿಗೆ ಹೆಸರು ಬರಿ" ಎಂದ.

ನಮ್ಮ ಕಡೆಯ ಹೆಂಗಸರಲ್ಲಿ ಅತ್ತಿಗೆಯಷ್ಟು ಚುರುಕಾಗಿ ಹಣ್ಣು ಕೊಯ್ಯುವವರು ಇಲ್ಲ. ಕೊಯ್ಲಿನ ಕಾಲದಲ್ಲಿ ಅವಳ ಚೀಲ ಅಣ್ಣನ ಚೀಲಕ್ಕಿಂತ ಹೆಚ್ಚು ತೂಗುತ್ತದೆ. ಗುತ್ತಿಗೆ ಬಿಟ್ಟರೆ ಕೈಗೆ ಬರುವ ಹಣದಲ್ಲಿ ಹೆಚ್ಚು ಕಳೆದುಕೊಳ್ಳುವವಳು ಅವಳೇ. ನಾನು ಲೇಖನಿ ಹಿಡಿದು ಅವಳ ಮುಖ ನೋಡಿದೆ. ಅವಳು ಒಲೆಯ ಮುಂದಿನಿಂದಲೇ, "ಬರೀರಿ ಮೈದ್ನೋರೆ. ಯಾರಾದ್ರೂ ಒಬ್ರು ಮನೆ ಹಿಡ್ಕೋಬೇಕಲ್ಲ" ಎಂದಳು. ಅವ್ವ ಏನೂ ಹೇಳಲಿಲ್ಲ. ನಾನು ಅರ್ಧ ಬರೆದು ನಿಲ್ಲಿಸಿದೆ. ಆ ಅರ್ಜಿ ಇನ್ನೂ ನನ್ನ ಪುಸ್ತಕದಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗಿ, ಅದರಲ್ಲಿ ಯಾರ ಹೆಸರಿರಬೇಕೆಂದು ನಾಲ್ವರೂ ಕುಳಿತು ಮಾತನಾಡಬೇಕೆಂದಿದ್ದೇನೆ. ಆ ಮಾತಿನಲ್ಲಿ ನನ್ನ ಹೆಸರೂ ಬರಬೇಕಾದೀತು. ಮೂರು ವರ್ಷ ನಾನು ಓದಿದ್ದೂ ಆ ಸೂರಿನ ಬಲದಿಂದಲೇ.

ಖಾಯಂ ಬಿಟ್ಟು ಗುತ್ತಿಗೆಗೆ ಹೋಗುವವನನ್ನು ಏನೆಂದು ಕರೆಯಬೇಕೆಂದು ಗುರುಗಳು ಕೇಳಿದ್ದರು. ಅಂದು ಸುಮ್ಮನಿದ್ದುದಕ್ಕೆ ಕ್ಷಮೆ ಕೋರಿ ಈಗ ಉತ್ತರ ಕೊಡುತ್ತೇನೆ. ಅವನು ಹುಚ್ಚನಲ್ಲ, ಸಾರ್. ಅವನ ಲೆಕ್ಕವೂ ತಪ್ಪಲ್ಲ. ಆದರೆ ಅವನ ಲೆಕ್ಕದ ಹಾಳೆಯಲ್ಲಿ ಇನ್ನೊಬ್ಬರ ಹೆಸರು ಬಿಟ್ಟುಹೋಗಿರುತ್ತದೆ. ಅದು ಯಾರದೆಂದು ಅವನ ಮನೆಯಲ್ಲಿ ಕೇಳಬೇಕು.